ಒಂದು ಹಾಡು, ಹಲವು ಊರು

ಒಬ್ಬರು ನುಡಿಸಿ ಮುದ್ರಿಸಿದ್ದನ್ನು ಇನ್ನೊಬ್ಬರು ಬೇರೊಂದು ಊರಿನಲ್ಲಿ ಕೇಳಿಸಿಕೊಂಡು, ಅದರ ಮೇಲೆ ತಮ್ಮ ವಾದ್ಯವನ್ನೋ ದನಿಯನ್ನೋ ಕೂಡಿಸಿ ಮೂರನೆಯವರಿಗೆ ಕಳಿಸುತ್ತಾರೆ. ಮೂರನೆಯವರು ತಮ್ಮ ಪಾಲನ್ನು ಸೇರಿಸುತ್ತಾರೆ. ಕೊನೆಗೆ ಒಬ್ಬರು ಕುಳಿತು ಎಲ್ಲವನ್ನೂ ಹದವಾಗಿ ಬೆರೆಸಿದಾಗ ಹಾಡು ಸಿದ್ಧವಾಗುತ್ತದೆ. ಇಂದಿನ ಚಿತ್ರಗೀತೆ, ಭಾವಗೀತೆ, ಭಕ್ತಿಗೀತೆಗಳಲ್ಲಿ ಬಹಳಷ್ಟು ತಯಾರಾಗುವುದು ಹೀಗೆಯೇ. ಕೇಳುವವರಿಗೆ ಎಲ್ಲರೂ ಒಂದೇ ಜಮಖಾನದ ಮೇಲೆ ಕುಳಿತು ನುಡಿಸಿದಂತೆ ಅನ್ನಿಸುತ್ತದೆ. ಪಿಟೀಲಿನವರು ತಬಲಾದವರ ಮುಖವನ್ನೇ ನೋಡಿಲ್ಲದಿರುವುದೂ ಉಂಟು.

ಹೀಗೆ ಕೂಡುವ ಒಂದೊಂದು ಪದರವನ್ನೂ ಧ್ವನಿಮುದ್ರಣದವರು ಟ್ರ್ಯಾಕ್ ಎನ್ನುತ್ತಾರೆ. ಈ ಪದ್ಧತಿ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಅಂತರ್ಜಾಲ ಮಾಡಿದ್ದೆಂದರೆ, ದೊಡ್ಡ ಸ್ಟುಡಿಯೋಗಳ ಕೆಲಸವನ್ನು ಮನೆಯ ಕೋಣೆಗೆ ತಂದದ್ದು. ಕೆಲಸ ಸಾಗಲು ಬೇಕಾದ ಮೂಲ ನಿಯಮ ಅಂದಿಗೂ ಇಂದಿಗೂ ಒಂದೇ: ಎಲ್ಲರೂ ಒಂದೇ ಕಡೆ ಇರಬೇಕಿಲ್ಲ, ಎಲ್ಲರಿಗೂ ಒಂದೇ ಆಧಾರ ಇರಬೇಕು. ಆ ಆಧಾರ ಶ್ರುತಿಯಾಗಿರಬಹುದು, ತಾಳದ ಎಣಿಕೆಯಾಗಿರಬಹುದು, ಕಾಗದದ ಮೇಲಿನ ಸ್ವರಲಿಪಿಯಾಗಿರಬಹುದು. ತಮಿಳುನಾಡಿನ ತೇನಿ ಜಿಲ್ಲೆಯಿಂದ ಹೊರಟು ಕನ್ನಡ ಚಿತ್ರಸಂಗೀತದ ಮೂಲಕವೇ ಹಾದುಹೋದ ಇಳಯರಾಜರ ಕೆಲಸದಲ್ಲಿ ಇದರ ಬಹುತೇಕ ಘಟ್ಟಗಳು ಕಾಣಸಿಗುತ್ತವೆ.

ಪದರದ ಮೇಲೆ ಪದರ

ಮುದ್ರಿತ ದನಿಯ ಮೇಲೆ ಹೊಸ ದನಿ ಕೂಡಿಸುವ ಪ್ರಯತ್ನಗಳು ಗ್ರಾಮಫೋನ್ ಕಾಲದಲ್ಲೇ ನಡೆದವು. ಇಟಲಿಯ ಹೆಸರಾಂತ ಗಾಯಕ ಎನ್ರಿಕೋ ಕರುಸೋ 1921ರಲ್ಲಿ ತೀರಿಕೊಂಡರು. ಅವರ ಹಾಡುಗಳು ಮೈಕ್ ಇಲ್ಲದ ಕಾಲದಲ್ಲಿ ಮುದ್ರಣಗೊಂಡಿದ್ದರಿಂದ ಹಿಮ್ಮೇಳ ಕ್ಷೀಣವಾಗಿ ಕೇಳುತ್ತಿತ್ತು. ಅಮೆರಿಕದ ವಿಕ್ಟರ್ ಕಂಪನಿ 1932ರಲ್ಲಿ ಆ ಹಳೆಯ ದನಿಯ ಜೊತೆಗೆ ಹೊಸ ವಾದ್ಯವೃಂದವನ್ನು ನುಡಿಸಿ ಮುದ್ರಿಸಿತು. ಗಾಯಕ ಸತ್ತು ಹತ್ತು ವರ್ಷ ಕಳೆದ ಮೇಲೆ ಅವರಿಗೆ ಪಕ್ಕವಾದ್ಯ ದೊರೆಯಿತು. 1941ರಲ್ಲಿ ಜಾಝ್ ವಾದಕ ಸಿಡ್ನಿ ಬೆಷೆ ಆರು ವಾದ್ಯಗಳನ್ನು ತಾವೊಬ್ಬರೇ ನುಡಿಸಿ ಒಂದು ಹಾಡು ತಯಾರಿಸಿದರು. ಒಂದು ತಟ್ಟೆಯನ್ನು ಹಾಕಿಕೊಂಡು ಕೇಳುತ್ತ, ಅದರ ಜೊತೆ ನುಡಿಸಿ, ಎರಡನ್ನೂ ಇನ್ನೊಂದು ತಟ್ಟೆಗೆ ಇಳಿಸುವುದು ಅಲ್ಲಿನ ಕ್ರಮ. ಪ್ರತಿ ಸಲ ಇಳಿಸಿದಾಗಲೂ ಹಳೆಯ ಪದರ ಸ್ವಲ್ಪ ಮಸುಕಾಗುತ್ತಿತ್ತು, ಕರಕರ ಸದ್ದು ಹೆಚ್ಚುತ್ತಿತ್ತು.

ಅಯಸ್ಕಾಂತದ ಟೇಪು ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ತಗ್ಗಿತು. ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಗಾಯಕಿ ಮೇರಿ ಫೋರ್ಡ್ 1951ರಲ್ಲಿ ಹೊರತಂದ ಹಾಡಿನಲ್ಲಿ ಇಬ್ಬರೇ ಹತ್ತಾರು ಜನರಂತೆ ಕೇಳಿಸಿದರು. 1957ರ ಹೊತ್ತಿಗೆ ಆಂಪೆಕ್ಸ್ ಕಂಪನಿ ಲೆಸ್ ಪಾಲ್‌ಗೆ ಎಂಟು ಟ್ರ್ಯಾಕುಗಳ ಯಂತ್ರ ಮಾಡಿಕೊಟ್ಟಿತು. ಒಂದೇ ಟೇಪಿನ ಅಗಲವನ್ನು ಎಂಟು ಪಟ್ಟಿಗಳಾಗಿ ಹಂಚಿ, ಒಂದೊಂದರಲ್ಲೂ ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸುವ ವ್ಯವಸ್ಥೆ ಅದು. ಹಳೆಯ ಪಟ್ಟಿಗಳನ್ನು ಕೇಳುತ್ತಲೇ ಹೊಸ ಪಟ್ಟಿಯಲ್ಲಿ ನುಡಿಸಬಹುದು. ತಪ್ಪಾದರೆ ಆ ಒಂದು ಪಟ್ಟಿಯನ್ನಷ್ಟೇ ಅಳಿಸಿ ಮತ್ತೆ ನುಡಿಸಬಹುದು. ಇಂದಿನ ಕಂಪ್ಯೂಟರ್ ಪರದೆಯಲ್ಲಿ ಒಂದರ ಕೆಳಗೊಂದು ಕಾಣುವ ಬಣ್ಣದ ಪಟ್ಟಿಗಳು ಆ ಟೇಪಿನ ಚಿತ್ರವೇ.

ಹೀಗೆ ಕಾಲದಲ್ಲಿ ಬೇರೆಯಾದ ಪದರಗಳು ಮುಂದೆ ಸ್ಥಳದಲ್ಲೂ ಬೇರೆಯಾದವು. ಫ್ರಾಂಕ್ ಸಿನಾತ್ರ 1993ರಲ್ಲಿ ಹೊರತಂದ ಯುಗಳಗೀತೆಗಳ ಸಂಪುಟದಲ್ಲಿ ಜೊತೆಗಾರರು ಅವರೊಂದಿಗೆ ಒಂದೇ ಕೋಣೆಯಲ್ಲಿ ಹಾಡಲಿಲ್ಲ, ಕೆಲವರ ದನಿ ದೂರದ ಊರುಗಳಿಂದ ತಂತಿಯ ಮೂಲಕ ಬಂದು ಸೇರಿತು. ಸಿಯಾಟಲ್ ಕಡೆಯ ಗಾಯಕರೊಬ್ಬರು ಮತ್ತು ಲಾಸ್ ಏಂಜಲೀಸ್‌ನ ಸಂಗೀತಗಾರರೊಬ್ಬರು ಮುದ್ರಿಕೆಗಳನ್ನು ಅಂಚೆಯಲ್ಲಿ ಹಿಂದೆ ಮುಂದೆ ಕಳಿಸುತ್ತ 2003ರಲ್ಲಿ ಒಂದು ಸಂಪುಟ ಮಾಡಿದರು. ತಂಡಕ್ಕೆ ಅವರಿಟ್ಟ ಹೆಸರೇ ‘ಪೋಸ್ಟಲ್ ಸರ್ವಿಸ್’. ಆ ಹೆಸರಿಗೆ ಅಮೆರಿಕದ ಅಂಚೆ ಇಲಾಖೆ ಮೊದಲು ಆಕ್ಷೇಪಿಸಿತು, ಆಮೇಲೆ ರಾಜಿಯಾಯಿತು.

ಪಣ್ಣೈಪುರದಿಂದ ಮದರಾಸಿಗೆ

ಪಶ್ಚಿಮ ಘಟ್ಟದ ಸಾಲುಗಳು ಅಕ್ಕಪಕ್ಕದಲ್ಲಿ ನಿಂತು, ನಡುವೆ ಮುಲ್ಲೈ ಪೆರಿಯಾರ್ ನೀರು ಹರಿಯುವ ಬಯಲೇ ಕಂಬಂ ಕಣಿವೆ. ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರು ಅಲ್ಲಿನ ಪೇಟೆಗಳು. ಮೊದಲು ಇದೆಲ್ಲ ಮದುರೆ ಜಿಲ್ಲೆಗೆ ಸೇರಿತ್ತು. ತೇನಿ 1996ರಲ್ಲಿ ಬೇರೆ ಜಿಲ್ಲೆಯಾಯಿತು. ಇಳಯರಾಜ 1943ರಲ್ಲಿ ಹುಟ್ಟಿದ ಪಣ್ಣೈಪುರಂ ಈ ಕಣಿವೆಯ ಅಂಚಿನ ಹಳ್ಳಿ.

ಅವರ ಸಂಗೀತ ಆರಂಭವಾದದ್ದು ಅಣ್ಣ ಪಾವಲರ್ ವರದರಾಜನ್ ನಡೆಸುತ್ತಿದ್ದ ತಂಡದಲ್ಲಿ. ಕಮ್ಯುನಿಸ್ಟ್ ಪಕ್ಷದ ಸಭೆಗಳಿಗಾಗಿ ಊರೂರು ತಿರುಗಿ ಹಾಡುತ್ತಿದ್ದ ಆ ತಂಡದಲ್ಲಿ ಇಳಯರಾಜ ಹಾರ್ಮೋನಿಯಂ ಹಿಡಿದರು. ಅಂಥ ಕಛೇರಿಯಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಹಾಡುಗಾರ ಒಂದು ಸಾಲನ್ನು ಮತ್ತೆ ಎತ್ತಿಕೊಂಡರೆ ಹಾರ್ಮೋನಿಯಂ ಕೂಡಲೇ ಹಿಂಬಾಲಿಸಬೇಕು, ಜನ ಚಪ್ಪಾಳೆ ತಟ್ಟಿದರೆ ಡೋಲಕ್ ಇನ್ನೊಂದು ಸುತ್ತು ನುಡಿಸಬೇಕು. ಒಬ್ಬರ ಕಣ್ಸನ್ನೆ ಇನ್ನೊಬ್ಬರಿಗೆ ಆಧಾರ.

1960ರ ದಶಕದ ಕೊನೆಯಲ್ಲಿ ಅವರು ಮದರಾಸಿಗೆ ಹೋಗಿ ಧನರಾಜ್ ಮಾಸ್ಟರ್ ಅವರಲ್ಲಿ ಪಾಶ್ಚಾತ್ಯ ಸಂಗೀತವನ್ನೂ ಅದರ ಸ್ವರಲಿಪಿಯನ್ನೂ ಕಲಿತರು. ಬಳಿಕ ಸಹಾಯಕರಾಗಿ ಸೇರಿದ್ದು ಕನ್ನಡಿಗರಿಗೆ ಚಿರಪರಿಚಿತರಾದ ಜಿ.ಕೆ. ವೆಂಕಟೇಶ್ ಅವರ ಬಳಿ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳ ಸಂಗೀತ ನಿರ್ದೇಶಕರಾದ ವೆಂಕಟೇಶ್ ಅವರ ಕೆಲಸದಲ್ಲಿ ಹೆಚ್ಚಿನ ಪಾಲು ಕನ್ನಡ ಚಿತ್ರಗಳದೇ. ಹಾಗಾಗಿ ತಮಿಳಿನಲ್ಲಿ 1976ರ ‘ಅನ್ನಕ್ಕಿಳಿ’ಯಿಂದ ಹೆಸರಾಗುವ ಮೊದಲೇ ಇಳಯರಾಜ ಕನ್ನಡದ ಅನೇಕ ಹಾಡುಗಳ ಹಿಂದೆ ದುಡಿದಿದ್ದರು. ಆಮೇಲೆ ‘ಗೀತಾ’, ‘ಪಲ್ಲವಿ ಅನುಪಲ್ಲವಿ’, ‘ನಮ್ಮೂರ ಮಂದಾರ ಹೂವೇ’ ಮೊದಲಾದ ಚಿತ್ರಗಳಿಗೆ ತಾವೇ ಸಂಗೀತ ಕೊಟ್ಟರು.

ಆ ಕಾಲದ ಮದರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ಹತ್ತಾರು ವಾದಕರೂ ಒಂದೇ ಸಭಾಂಗಣದಲ್ಲಿ ಸೇರಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಮುದ್ರಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ಒಬ್ಬರು ಎಡವಿದರೂ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಬಹುಟ್ರ್ಯಾಕ್ ಯಂತ್ರಗಳು ಬಂದ ಮೇಲೆ ಗಾಯಕರ ದನಿಯನ್ನು ಬೇರೆ ದಿನ ಮುದ್ರಿಸುವುದು ಸಾಧ್ಯವಾಯಿತು. ‘ಟ್ರ್ಯಾಕ್ ಹಾಡುವವರು’ ಎಂಬ ಹೊಸ ವರ್ಗ ಹುಟ್ಟಿದ್ದು ಆಗಲೇ. ಮುಖ್ಯ ಗಾಯಕರು ಬಿಡುವಾಗಿ ಬರುವವರೆಗೆ ಎಳೆಯ ಗಾಯಕರೊಬ್ಬರು ಹಾಡಿಟ್ಟ ದನಿಗೆ ವಾದ್ಯಗಳನ್ನು ಕೂಡಿಸಿಡುತ್ತಿದ್ದರು. ಮುಖ್ಯ ಗಾಯಕರು ಬಂದು ಅದನ್ನು ಕೇಳಿ ಹಾಡಿದ ಮೇಲೆ ಮೊದಲ ದನಿ ಅಳಿಸಿಹೋಗುತ್ತಿತ್ತು. ಹಾಡಿನಲ್ಲಿ ಉಳಿಯದಿದ್ದರೂ ಅಷ್ಟು ದಿನ ಆ ದನಿಯೇ ಉಳಿದವರಿಗೆ ಆಧಾರವಾಗಿರುತ್ತಿತ್ತು.

ಇಳಯರಾಜರ ಬಳಿ ಕೀಬೋರ್ಡ್ ನುಡಿಸಿದ್ದ ಎ.ಆರ್. ರೆಹಮಾನ್ 1992ರ ‘ರೋಜಾ’ದಿಂದ ಈ ಕ್ರಮವನ್ನು ಇನ್ನೂ ಮುಂದಕ್ಕೆ ಒಯ್ದರು. ಮನೆಯ ಸ್ಟುಡಿಯೋಗೆ ಒಬ್ಬೊಬ್ಬರನ್ನೇ ಕರೆಸಿ ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ ಜೋಡಿಸಿ ಹಾಡು ಕಟ್ಟುವುದು ಅವರ ರೀತಿ. 1994ರ ‘ಕಾದಲನ್’ ಚಿತ್ರದ ಒಂದು ರ‍್ಯಾಪ್ ಹಾಡಿನಲ್ಲಿ ತೇನಿ ಕುಂಜರಮ್ಮಾಳ್ ಎಂಬ ಹಿರಿಯ ಜಾನಪದ ಗಾಯಕಿಯ ದನಿ ಎಲೆಕ್ಟ್ರಾನಿಕ್ ತಾಳದ ಜೊತೆ ಕೂಡಿತು.

ಬುಡಾಪೆಸ್ಟ್‌ಗೆ ಹೋದ ಸ್ವರಲಿಪಿ

ಇಳಯರಾಜರ ರೀತಿ ಬೇರೆ. ಪ್ರತಿ ವಾದ್ಯ ಯಾವ ಕ್ಷಣದಲ್ಲಿ ಯಾವ ಸ್ವರ ನುಡಿಸಬೇಕೆಂಬುದನ್ನು ಅವರು ಮೊದಲೇ ಕಾಗದದ ಮೇಲೆ ಬರೆದುಬಿಡುತ್ತಾರೆ. ಬರೆದ ಹಾಳೆ ಕೈಯಲ್ಲಿದ್ದರೆ ವಾದಕರು ಯಾವ ದೇಶದವರಾದರೂ ನಡೆಯುತ್ತದೆ. ಕಮಲ್ ಹಾಸನ್ ಅವರ ‘ಹೇ ರಾಮ್’ (2000) ಇದಕ್ಕೆ ಒಳ್ಳೆಯ ಉದಾಹರಣೆ. ಆ ಚಿತ್ರದ ಹಾಡುಗಳ ಚಿತ್ರೀಕರಣ ಬೇರೊಬ್ಬರ ಸಂಗೀತಕ್ಕೆ ಆಗಲೇ ಮುಗಿದಿತ್ತು. ಚಿತ್ರದಲ್ಲಿ ಆಡಿದ ತುಟಿ, ಇಟ್ಟ ಹೆಜ್ಜೆ ಯಾವುದನ್ನೂ ಬದಲಿಸದೆ, ಅವಕ್ಕೇ ಹೊಂದುವಂತೆ ಇಳಯರಾಜ ಹೊಸ ಹಾಡುಗಳನ್ನು ಕೂರಿಸಿದರು. ಅಲ್ಲಿ ಆಧಾರವಾದದ್ದು ಕಣ್ಣಿಗೆ ಕಾಣುವ ಚಿತ್ರ. ಹಿನ್ನೆಲೆ ಸಂಗೀತ ಮುದ್ರಣವಾದದ್ದು ಹಂಗೇರಿಯ ಬುಡಾಪೆಸ್ಟ್‌ನ ವಾದ್ಯವೃಂದದೊಡನೆ.

2005ರಲ್ಲಿ ಬಂದ ‘ತಿರುವಾಸಗಂ’ ಸಂಪುಟ ಇದಕ್ಕಿಂತ ದೊಡ್ಡ ಕೂಡುಗೆಲಸ. ಮದುರೆಯ ಪಾಂಡ್ಯ ಅರಸನ ಮಂತ್ರಿಯಾಗಿದ್ದರೆಂದು ಪ್ರತೀತಿಯಿರುವ ಶಿವಭಕ್ತ ಮಾಣಿಕ್ಯವಾಚಕರ ಹಾಡುಗಳನ್ನು ಇಳಯರಾಜ ಸಿಂಫನಿಯ ರೂಪಕ್ಕೆ ತಂದರು. ವಾದ್ಯಗಳನ್ನು ಬುಡಾಪೆಸ್ಟ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ತಮಿಳು ಸಾಹಿತ್ಯಕ್ಕೆ ಇಳಯರಾಜರೇ ಪ್ರಮುಖ ದನಿ. ಇಂಗ್ಲಿಷ್ ಸಾಲುಗಳನ್ನು ಅಮೆರಿಕದ ಸ್ಟೀಫನ್ ಶ್ವಾರ್ಟ್ಸ್ ಬರೆದುಕೊಟ್ಟರು, ಅಲ್ಲಿನ ಗಾಯಕರು ಹಾಡಿದರು. ಹಂಗೇರಿಯ ವಾದಕರಿಗೆ ತಮಿಳು ಬಾರದು, ಹಾಡಿದವರಿಗೆ ಹಂಗೇರಿಯನ್ ಬಾರದು. ಆದರೂ ಎಲ್ಲರ ಪಾಲೂ ಒಂದೇ ಬರಹದಿಂದ ಹೊರಟದ್ದರಿಂದ ಕೂಡಿಸಿದಾಗ ಹೊಂದಿಕೊಂಡವು.

ಇನ್ನೊಬ್ಬರ ಕೃತಿಯ ಮೇಲೆ ತಮ್ಮ ಪಾಲನ್ನು ಕೂಡಿಸಿದ್ದಕ್ಕೂ ಅವರಲ್ಲಿ ಹಳೆಯ ಉದಾಹರಣೆ ಇದೆ. 1986ರ ‘ಹೌ ಟು ನೇಮ್ ಇಟ್’ ಸಂಪುಟ ತ್ಯಾಗರಾಜರಿಗೂ ಜರ್ಮನಿಯ ಬಾಖ್‌ಗೂ ಅರ್ಪಿತವಾದುದು. ಅದರ ಒಂದು ಭಾಗದಲ್ಲಿ ಬಾಖ್ ಪಿಟೀಲಿಗಾಗಿ ಬರೆದ ಪ್ರಸಿದ್ಧ ರಚನೆಯೊಂದನ್ನು ಇಟ್ಟುಕೊಂಡು, ಅದರ ಜೊತೆ ಮಾತಾಡುವಂತೆ ಬೇರೆ ಎಳೆಗಳನ್ನು ಇಳಯರಾಜ ಹೆಣೆದಿದ್ದಾರೆ. ಬಾಖ್ ತೀರಿಕೊಂಡದ್ದು 1750ರಲ್ಲಿ. ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವನ್ನು ಇಲ್ಲಿಯೂ ದಾಟಿಸಿದ್ದು ಸ್ವರಲಿಪಿಯೇ.

ಕರೆ ಮಾಡಿಕೊಂಡು ಒಟ್ಟಿಗೆ ನುಡಿಸಬಾರದೇಕೆ?

ವಿಡಿಯೋ ಕರೆಯಲ್ಲಿ ಮುಖ ನೋಡಿಕೊಂಡು ಮಾತಾಡಬಹುದು. ಆದರೆ ಅದೇ ಕರೆಯಲ್ಲಿ ಇಬ್ಬರು ಸೇರಿ ಒಂದು ಭಜನೆ ಹಾಡಲು ಹೊರಟರೆ ಎರಡೇ ಸಾಲಿಗೆ ತಾಳ ಚೆದುರುತ್ತದೆ. ಇದಕ್ಕೆ ಕಾರಣ ದನಿ ತಲುಪಲು ಹಿಡಿಯುವ ಸಮಯ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತು ಮೀಟರ್ ದೂರದಲ್ಲಿ ಕುಳಿತ ಮೃದಂಗ ಸುಮಾರು 30 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅಲ್ಲಿಯವರೆಗಿನ ತಡವನ್ನು ಸಂಗೀತಗಾರರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಅದು ಮೀರಿದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯತೊಡಗಿ ಕಾಲ ನಿಧಾನವಾಗಿ ಇಳಿದುಹೋಗುತ್ತದೆ. ದೊಡ್ಡ ವಾದ್ಯವೃಂದಗಳಲ್ಲಿ ಕೋಲು ಹಿಡಿದ ನಿರ್ವಾಹಕರು ನಿಲ್ಲುವುದಕ್ಕೆ ಇದೂ ಒಂದು ಕಾರಣ: ಕಿವಿಗಿಂತ ಮೊದಲು ಕಣ್ಣಿಗೆ ಸನ್ನೆ ಸಿಗುತ್ತದೆ.

ಗಾಜಿನ ಎಳೆಯ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ತೇನಿಗೂ ಬೆಂಗಳೂರಿಗೂ ಇರುವ ಕೆಲವು ನೂರು ಕಿಲೋಮೀಟರ್ ಅದಕ್ಕೆ ಎರಡು ಮೂರು ಮಿಲಿಸೆಕೆಂಡಿನ ದಾರಿ. ತಡವಾಗುವುದು ದಾರಿಯಲ್ಲಲ್ಲ, ಎರಡು ತುದಿಯ ಉಪಕರಣಗಳಲ್ಲಿ: ದನಿಯನ್ನು ಅಂಕಿಗಳಾಗಿಸಿ, ಕಿರಿದುಗೊಳಿಸಿ, ಪೊಟ್ಟಣ ಕಟ್ಟಿ ಕಳಿಸಿ, ಆಚೆ ಅದನ್ನೆಲ್ಲ ಬಿಚ್ಚಿ ಜೋಡಿಸುವ ಕೆಲಸದಲ್ಲಿ. ವೇಗದ ತಂತಿ ಸಂಪರ್ಕ ಮತ್ತು ವಿಶೇಷ ತಂತ್ರಾಂಶ ಇದ್ದರೆ ಹತ್ತಿರದ ಊರುಗಳ ನಡುವೆ ಈ ತಡವನ್ನು ತಗ್ಗಿಸಬಹುದು.

ಖಂಡಗಳ ನಡುವಿನ ದೂರಕ್ಕೆ ಆ ಉಪಾಯವೂ ಸಾಲದು. ಬೆಂಗಳೂರಿನಿಂದ ಲಾಸ್ ಏಂಜಲೀಸ್ ಸುಮಾರು 14,000 ಕಿಲೋಮೀಟರ್. ಕೇಬಲ್ ನೇರವಾಗಿದ್ದರೂ ಬೆಳಕು ಹೋಗಿ ಬರಲು 140 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 120 ಅಕ್ಷರಗಳ ನಡೆಯಲ್ಲಿ ಒಂದು ಅಕ್ಷರಕ್ಕೆ 500 ಮಿಲಿಸೆಕೆಂಡ್, ಅಕ್ಷರವನ್ನು ನಾಲ್ಕಾಗಿ ಒಡೆಯುವ ಚತುರಶ್ರದ ಒಂದು ಮಾತ್ರೆಗೆ 125. ಅಂದರೆ ಉತ್ತರ ಬರುವ ಹೊತ್ತಿಗೆ ಒಂದು ಮಾತ್ರೆಗಿಂತ ಹೆಚ್ಚು ಕಾಲ ಜಾರಿರುತ್ತದೆ. ಯಾವ ಯಂತ್ರವೂ ಇದನ್ನು ಸರಿಪಡಿಸಲಾರದು. ಆದ್ದರಿಂದಲೇ ದೂರದ ಸಂಗೀತಗಾರರು ಒಟ್ಟಿಗೆ ನುಡಿಸುವ ಹಟ ಬಿಟ್ಟು, ಒಬ್ಬರಾದ ಮೇಲೊಬ್ಬರು ನುಡಿಸುವ ದಾರಿ ಹಿಡಿದರು.

ಶ್ರುತಿ, ಲಯ, ಆರಂಭ

ಮೊದಲ ಪದರ ಮುದ್ರಿಸುವ ಮುನ್ನ ಮೂರು ವಿಷಯಗಳು ಗೊತ್ತಾಗಬೇಕು. ಒಂದು, ಆಧಾರ ಶ್ರುತಿ. ಕನ್ನಡದಲ್ಲಿ ಮನೆ, ತಮಿಳಿನಲ್ಲಿ ಕಟ್ಟೈ ಎಂದು ಎಣಿಸುವ ಲೆಕ್ಕದಲ್ಲಿ ‘ಒಂದೂವರೆ’, ‘ನಾಲ್ಕೂವರೆ’ ಎಂದು ಹೇಳಿದರೆ ಮನೆಯೊಳಗಿನ ಕಛೇರಿಗೆ ಸಾಕು. ದೂರದ ಕೆಲಸಕ್ಕೆ ಸಾಲದು. ಹಳೆಯ ಹಾರ್ಮೋನಿಯಂಗಳ ರೀಡುಗಳು ಸಾಮಾನ್ಯ ಮಾನದಂಡಕ್ಕಿಂತ ಸ್ವಲ್ಪ ಮೇಲೋ ಕೆಳಗೋ ಇರುತ್ತವೆ. ಸೆಕೆಯಲ್ಲಿ ಕೊಳಲಿನ ಶ್ರುತಿ ಏರುತ್ತದೆ. ಹಾಗಾಗಿ ಎಲ್ಲರೂ ಒಂದೇ ಎಲೆಕ್ಟ್ರಾನಿಕ್ ತಂಬೂರಿಯ ಅಥವಾ ಟ್ಯೂನರ್‌ನ ಸಂಖ್ಯೆಗೆ ಒಪ್ಪಿಕೊಳ್ಳುತ್ತಾರೆ. ವಾದ್ಯವೃಂದಗಳು ಬಳಸುವ ಸಾಮಾನ್ಯ ಮಾನದಂಡದಲ್ಲಿ ನಡುಸಪ್ತಕದ ‘ಎ’ ಸ್ವರ ಸೆಕೆಂಡಿಗೆ 440 ಕಂಪನ.

ಎರಡನೆಯದು ಲಯ. ನಿಮಿಷಕ್ಕೆ ಎಷ್ಟು ಎಣಿಕೆ ಎಂದು ಗೊತ್ತುಮಾಡಿ, ಟಕ್ ಟಕ್ ಎನ್ನುವ ಕ್ಲಿಕ್ ಟ್ರ್ಯಾಕನ್ನು ಎಲ್ಲರಿಗೂ ಕಳಿಸುತ್ತಾರೆ. ಹಾಡುವವರು ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ ಹಾಡಬೇಕು. ಹೊರಗಿನ ಸ್ಪೀಕರ್‌ನಲ್ಲಿ ಹಾಕಿದರೆ ಆ ಟಕ್ ಟಕ್ ಮೈಕಿಗೂ ನುಗ್ಗಿ ಎಂದಿಗೂ ಅಳಿಯದ ಕಲೆಯಾಗುತ್ತದೆ. ಮೂರನೆಯದು ಆರಂಭದ ಬಿಂದು. ಒಬ್ಬ ವಾದಕನ ಪಾಲು ಎರಡನೆಯ ಚರಣದಲ್ಲಷ್ಟೇ ಬಂದರೂ ಅವನ ಕಡತ ಹಾಡಿನ ಮೊದಲ ಕ್ಷಣದಿಂದಲೇ ತೊಡಗಬೇಕು. ನಡುವಿನದು ಬರಿಯ ಮೌನವಾದರೂ ಸರಿ. ಹೀಗಿದ್ದರೆ ಬೆರೆಸುವವರು ಎಲ್ಲ ಕಡತಗಳನ್ನೂ ಎಡತುದಿಗೆ ಜೋಡಿಸಿದರೆ ಸಾಕು, ಒಂದೊಂದೂ ತನ್ನ ಜಾಗದಲ್ಲಿ ಕೂರುತ್ತದೆ.

ಕಡತ ಕಳಿಸುವುದರಲ್ಲೂ ಎಚ್ಚರ ಬೇಕು. ಚೊಕ್ಕ ಮುದ್ರಣಕ್ಕೆ ಬಳಸುವ ವೇವ್ ಕಡತದಲ್ಲಿ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನು 24 ಬಿಟ್‌ಗಳಲ್ಲಿ ಬರೆಯುತ್ತಾರೆ. ಒಂದೇ ಮೈಕಿನ ದನಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ, ಐದು ನಿಮಿಷದ ಹಾಡಿಗೆ 43 ಎಂಬಿ ಆಗುತ್ತದೆ. ಇಪ್ಪತ್ತು ಪದರಗಳ ಹಾಡು 860 ಎಂಬಿ ದಾಟುತ್ತದೆ. ಗಾತ್ರಕ್ಕೆ ಹೆದರಿ ಎಂಪಿ3 ಮಾಡಿ ಕಳಿಸಿದರೆ ದನಿಯ ಸೂಕ್ಷ್ಮಗಳು ಹೋಗುವುದಲ್ಲದೆ, ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದಷ್ಟು ಮೌನವೂ ಸೇರಿಕೊಂಡು ತಾಳ ಜಾರುತ್ತದೆ. ಮೊಬೈಲಿನ ಸಂದೇಶ ಆ್ಯಪ್‌ಗಳಲ್ಲಿ ದನಿಸಂದೇಶವಾಗಿ ಕಳಿಸಿದರೆ ಇನ್ನೂ ನಷ್ಟ. ಸೆಕೆಂಡಿಗೆ 44,100 ಅಳತೆಗಳ ಕಡತವನ್ನು 48,000ದ್ದೆಂದು ತಪ್ಪಾಗಿ ಓದಿಸಿದರೆ ಹಾಡು ವೇಗವಾಗುವುದರ ಜೊತೆಗೆ ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ.

ಮನೆಯಲ್ಲಿ ಮುದ್ರಿಸುವವರಿಗೆ ದುಬಾರಿ ಯಂತ್ರಕ್ಕಿಂತ ನಿಶ್ಶಬ್ದವಾದ ಕೋಣೆ ಮುಖ್ಯ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಬೆನ್ನ ಹಿಂದಿನ ಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟರೆ ಗೋಡೆಯ ಮಾರ್ದನಿ ಬಹುಪಾಲು ತಗ್ಗುತ್ತದೆ. ಒಬ್ಬೊಬ್ಬರ ಕೋಣೆಯ ಮಾರ್ದನಿ ಒಂದೊಂದು ತೆರ. ಅದು ಮುದ್ರಣಕ್ಕೆ ಸೇರಿದರೆ ಪದರಗಳು ಎಷ್ಟು ಬೆರೆಸಿದರೂ ಬೇರೆ ಬೇರೆ ಊರಿನವಾಗಿಯೇ ಕೇಳುತ್ತವೆ. ಆದ್ದರಿಂದ ಪ್ರತಿಯೊಬ್ಬರೂ ದನಿಯನ್ನು ಒಣಗಿದಂತೆಯೇ ಮುದ್ರಿಸಿ ಕಳಿಸುತ್ತಾರೆ. ಸಭಾಂಗಣದ ಗುಂಗನ್ನು ಕೊನೆಯಲ್ಲಿ ಬೆರೆಸುವವರು ಎಲ್ಲಕ್ಕೂ ಒಟ್ಟಾಗಿ ಕೊಡುತ್ತಾರೆ. ಜೋಡಿಸುವ ಕೆಲಸಕ್ಕೆ ಉಚಿತವಾದ ಆಡಾಸಿಟಿಯಿಂದ ಹಿಡಿದು ಸ್ಟುಡಿಯೋಗಳು ನೆಚ್ಚುವ ಪ್ರೊ ಟೂಲ್ಸ್‌ವರೆಗೆ ಹಲವು ತಂತ್ರಾಂಶಗಳಿವೆ.

ಕ್ಲಿಕ್ಕಿಗೆ ಒಗ್ಗದ ಹಾಡುಗಳು

ಎಲ್ಲ ಸಂಗೀತವೂ ಈ ಚೌಕಟ್ಟಿಗೆ ಸುಲಭವಾಗಿ ಬಗ್ಗುವುದಿಲ್ಲ. ದಿಂಡಿಗಲ್, ತೇನಿ, ಮದುರೆ ಸೀಮೆಯ ಜಾತ್ರೆಗಳಲ್ಲಿ ಕೇಳುವ ನೈಯಾಂಡಿ ಮೇಳವನ್ನೇ ನೋಡಬಹುದು. ನಾದಸ್ವರ, ತವಿಲು, ಪಂಬೆ ಮುಂತಾದವು ಸೇರಿದ ಮೇಳ ಅದು. ನಾದಸ್ವರದ ಶ್ರುತಿಯನ್ನು ಬಹುಮಟ್ಟಿಗೆ ಕೊಳವೆಯ ಉದ್ದವೇ ತೀರ್ಮಾನಿಸುತ್ತದೆ. ಬೇರೆಯವರ ಅನುಕೂಲಕ್ಕೆ ಅದನ್ನು ಏರಿಸಿ ಇಳಿಸಲಾಗದು, ಉಳಿದ ವಾದ್ಯಗಳೇ ಅದಕ್ಕೆ ಹೊಂದಬೇಕು. ತವಿಲಿನವರು ಕುಣಿಯುವವರ ಕಾಲು ನೋಡಿ ನಡೆಯನ್ನು ಏರಿಸುತ್ತಾರೆ. ಕುಣಿತವೂ ಇಲ್ಲದೆ, ಜನವೂ ಇಲ್ಲದೆ, ಇಯರ್‌ಫೋನಿನ ಟಕ್ ಟಕ್ ಒಂದಕ್ಕೇ ನುಡಿಸಿದರೆ ತಾಳ ತಪ್ಪದಿರಬಹುದು, ಮೇಳದ ಕಾವು ಮಾತ್ರ ಆರಿರುತ್ತದೆ. ಕನ್ನಡ ನಾಡಿನ ಉರುಮೆಗೆ ನಂಟಿರುವ ಅಲ್ಲಿನ ಉರುಮಿಯದು ಇನ್ನೊಂದು ಬಗೆಯ ತೊಡಕು. ಬಾಗಿದ ಕೋಲನ್ನು ಚರ್ಮದ ಮೇಲೆ ಉಜ್ಜಿದಾಗ ಹೊರಡುವ ಗುಂಯ್‌ಗುಡುವ ನಾದ ಒಂದು ಕಡೆ ನಿಲ್ಲದೆ ಏರಿಳಿಯುತ್ತದೆ. ಅದನ್ನು ಗೆರೆ ಹಾಕಿದ ಅಳತೆಗೆ ಕೂರಿಸುವುದು ಕಷ್ಟ. ಇಂಥ ಮೇಳವನ್ನು ಬಿಡಿಬಿಡಿಯಾಗಿ ಮುದ್ರಿಸುವುದಕ್ಕಿಂತ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಪದರವಾಗಿ ಮುದ್ರಿಸಿ, ಬೇರೆ ಊರಿನ ವಾದ್ಯಗಳನ್ನು ಅದರ ಮೇಲೆ ಕೂಡಿಸುವುದು ಮೇಲು.

ಕಂಬಂ ಕಣಿವೆಯಲ್ಲಿ ಕನ್ನಡದ ದನಿಯೂ ಇದೆ. ಕಪ್ಪಿಲಿಯರ್ ಎಂದು ಸುತ್ತಲಿನವರು ಕರೆಯುವ ಒಕ್ಕಲಿಗರು, ಅನುಪ್ಪರು ಇಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ ಕನ್ನಡ ಮನೆಮಾತಿನ ಬೇಸಾಯಗಾರರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಇವರ ವಿವರಗಳಿವೆ. ಓದು ಬರಹವೆಲ್ಲ ತಮಿಳಿನಲ್ಲಿ ನಡೆಯುವುದರಿಂದ ಈ ಕನ್ನಡ ಉಳಿದಿರುವುದು ಬಾಯಿಮಾತಿನಲ್ಲಿ. ಇಂಥ ಕಡೆ ಅಜ್ಜಿಯೊಬ್ಬರ ಲಾಲಿ ಹಾಡನ್ನೋ ಮದುವೆಯ ಹಾಡನ್ನೋ ಮೊಬೈಲಿನಲ್ಲಿ ಮುದ್ರಿಸಿಕೊಂಡು ಮಂಡ್ಯದಲ್ಲೋ ಮೈಸೂರಿನಲ್ಲೋ ಅದಕ್ಕೆ ವಾದ್ಯ ಕೂಡಿಸಲು ಹೊರಟರೆ ಕೆಲಸದ ಕ್ರಮವೇ ತಿರುವುಮುರುವಾಗುತ್ತದೆ.

ಅಜ್ಜಿ ಕ್ಲಿಕ್ಕಿಗೆ ಹಾಡುವುದಿಲ್ಲ. ಉಸಿರು ಎಳೆದುಕೊಂಡಲ್ಲಿ ಸಾಲು ನಿಲ್ಲುತ್ತದೆ, ಮಗು ಅತ್ತರೆ ಮತ್ತೆ ಮೊದಲಿನಿಂದ ಹೊರಡುತ್ತದೆ. ಶ್ರುತಿಯೂ ಯಾವ ಹಾರ್ಮೋನಿಯಂ ಮನೆಗೂ ಸರಿಯಾಗಿ ಬೀಳುವುದಿಲ್ಲ. ಆಗ ಆ ದನಿಯನ್ನೇ ಆಧಾರವಾಗಿ ಹಿಡಿಯಬೇಕು. ತಂತ್ರಾಂಶದಲ್ಲಿ ಹಾಡನ್ನು ಕೇಳುತ್ತ ಪ್ರತಿ ಪೆಟ್ಟು ಬೀಳುವ ಜಾಗಕ್ಕೂ ಕೈಯಿಂದ ಗುರುತು ಹಾಕಿದರೆ, ಕ್ಲಿಕ್ಕೇ ದನಿಯನ್ನು ಹಿಂಬಾಲಿಸಿ ಹಿಗ್ಗುತ್ತ ಕುಗ್ಗುತ್ತ ಬರುತ್ತದೆ. ಆಕೆಯ ಶ್ರುತಿಯನ್ನು ಅಳೆದು, ಕೂಡಿಸುವ ವಾದ್ಯವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ದನಿಯನ್ನೇ ಎಳೆದು ಕತ್ತರಿಸಿ ಗೆರೆಗೆ ಕೂರಿಸುವ ಸಾಧನಗಳೂ ಇವೆ. ಬಳಸಿದರೆ ಕೆಲಸ ಸುಲಭವಾಗುತ್ತದೆ, ಹಾಡಿನ ನಡೆ ಮಾತ್ರ ಆಕೆಯದಾಗಿ ಉಳಿಯುವುದಿಲ್ಲ. ವಾದ್ಯ ಕೂಡಿಸುವ ಮೊದಲು ಮೂಲ ಮುದ್ರಣದ ಒಂದು ಪ್ರತಿಯನ್ನು ಮುಟ್ಟದೆ ತೆಗೆದಿಡುವುದು ಒಳ್ಳೆಯ ರೂಢಿ.

ಬೆಂಗಳೂರಿನಿಂದ ಲೋಕಕ್ಕೆ

ಕರ್ನಾಟಕದಲ್ಲಿ ಈ ಬಗೆಯ ಕೆಲಸಕ್ಕೆ ಹೆಸರಾದವರು ಬೆಂಗಳೂರಿನ ರಿಕ್ಕಿ ಕೇಜ್. ದಕ್ಷಿಣ ಆಫ್ರಿಕಾದ ಕೊಳಲು ವಾದಕ ವೌಟರ್ ಕೆಲ್ಲರ್ಮನ್ ಜೊತೆ ಅವರು ಮಾಡಿದ ‘ವಿಂಡ್ಸ್ ಆಫ್ ಸಂಸಾರ’ ಸಂಪುಟಕ್ಕೆ 2015ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಸಂಗೀತಗಾರರ ಪಾಲು ಅದರಲ್ಲಿದೆ. ಕೊರೊನಾ ಕಾಲದಲ್ಲಿ ಪಯಣ ನಿಂತಾಗ, ‘ಪೊಲೀಸ್’ ತಂಡದ ಡ್ರಮ್ ವಾದಕರಾಗಿದ್ದ ಅಮೆರಿಕದ ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆ ದೂರದಿಂದಲೇ ಕೆಲಸ ಮಾಡಿ 2021ರಲ್ಲಿ ‘ಡಿವೈನ್ ಟೈಡ್ಸ್’ ಹೊರತಂದರು. ಅದಕ್ಕೂ 2022ರಲ್ಲಿ ಗ್ರ್ಯಾಮಿ ದೊರೆಯಿತು.

ಸಮೂಹಗಾನದಲ್ಲಿ ಈ ಕ್ರಮವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಸಂಯೋಜಕ ಎರಿಕ್ ವಿಟಕರ್. ಅವರು ತಾವು ಕೈಯಾಡಿಸಿ ಹಾಡು ನಡೆಸುವ ಮೌನ ವಿಡಿಯೋವನ್ನು ಹಂಚಿದರು. 12 ದೇಶಗಳ 185 ಜನ ಅದನ್ನು ನೋಡುತ್ತ ತಮ್ಮ ತಮ್ಮ ಮನೆಗಳಲ್ಲಿ ಹಾಡಿ ಕಳಿಸಿದರು. 2010ರಲ್ಲಿ ಅವೆಲ್ಲ ಒಂದೇ ಹಾಡಾಗಿ ಬಂದವು. ಇಲ್ಲಿ ಆಧಾರ ನಿರ್ವಾಹಕರ ಕೈ. 2020ರ ಲಾಕ್‌ಡೌನ್ ದಿನಗಳಲ್ಲಿ ಭಾರತದಲ್ಲೂ ಅದೇ ಮಾದರಿಯ ಹಾಡುಗಳು ಬಂದವು. ಇನ್ನೂರಕ್ಕೂ ಹೆಚ್ಚು ಗಾಯಕರು ಹಲವು ಭಾಷೆಗಳಲ್ಲಿ ಮನೆಯಿಂದಲೇ ಹಾಡಿದ ‘ಜಯತು ಜಯತು ಭಾರತಂ’ ಅವುಗಳಲ್ಲೊಂದು.

ಯಾರ ಪಾಲು ಯಾರದು

ಪದರಗಳು ಹೆಚ್ಚಿದಂತೆ ಹಾಡಿನ ಹಕ್ಕು ಯಾರದೆಂಬ ಪ್ರಶ್ನೆಯೂ ಕಗ್ಗಂಟಾಗುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ, ಸ್ವರಸಂಯೋಜನೆ, ಧ್ವನಿಮುದ್ರಣ ಈ ಮೂರೂ ಬೇರೆ ಬೇರೆ ಹಕ್ಕುಗಳು. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕು ರಚಿಸಿದವರ ಜೀವಮಾನಕ್ಕೂ ಆಮೇಲಿನ 60 ವರ್ಷಕ್ಕೂ ಇರುತ್ತದೆ. ಇಬ್ಬರ ಪಾಲನ್ನು ಬಿಡಿಸಿ ಹೇಳಲಾಗದಂತೆ ಸೇರಿ ರಚಿಸಿದ್ದರೆ, ಕೊನೆಯವರು ತೀರಿಕೊಂಡ ಬಳಿಕ 60 ವರ್ಷ ಎಣಿಸುತ್ತಾರೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿದೆ. 2012ರ ತಿದ್ದುಪಡಿ ಗೀತರಚನೆಕಾರರಿಗೂ ಸಂಯೋಜಕರಿಗೂ ಗೌರವಧನದ ಪಾಲನ್ನು ಗಟ್ಟಿಮಾಡಿತು. ತಮ್ಮ ಹಾಡುಗಳ ಹಕ್ಕಿಗಾಗಿ ಇಳಯರಾಜ ನ್ಯಾಯಾಲಯಗಳಲ್ಲಿ ನಡೆಸುತ್ತ ಬಂದ ವ್ಯಾಜ್ಯಗಳಿಂದ ಈ ವಿಷಯ ಸಾಮಾನ್ಯರ ಮಾತಿಗೂ ಬಂತು.

ದೂರದಲ್ಲಿದ್ದು ಕೂಡಿ ಕೆಲಸ ಮಾಡುವವರು ಪರಿಚಯದ ಸಲುಗೆಯಲ್ಲಿ ಒಪ್ಪಂದವನ್ನು ಬಾಯಿಮಾತಿಗೆ ಬಿಡುವುದೇ ಹೆಚ್ಚು. ಹಕ್ಕನ್ನು ಬೇರೆಯವರಿಗೆ ವಹಿಸುವುದಾದರೆ ಅದು ಬರಹದಲ್ಲಿದ್ದು ಸಹಿಯಾಗಿರಬೇಕೆಂದು ಕಾಯ್ದೆ ಹೇಳುತ್ತದೆ. ಕೂಡಿಸಿದ ಪಾಲಿಗೆ ಒಮ್ಮೆಗೆ ಸಂಭಾವನೆಯೋ, ಬಂದ ಹಣದಲ್ಲಿ ಪಾಲೋ, ಆ ಪದರವನ್ನು ಬೇರೆ ಹಾಡಿಗೂ ಬಳಸಬಹುದೋ ಎಂಬುದನ್ನು ಮೊದಲ ಕಡತ ಕಳಿಸುವ ಮುನ್ನವೇ ಬರೆದುಕೊಳ್ಳಬೇಕು. ಜಾನಪದ ಹಾಡಿಗೆ ಕರ್ತೃವಿನ ಹೆಸರಿಲ್ಲದಿರಬಹುದು, ಆದರೆ ಹಾಡಿದ ದನಿಗೆ ಒಡೆಯರಿದ್ದಾರೆ. ಅವರ ಒಪ್ಪಿಗೆ ಪಡೆದ ಮೇಲೆಯೇ ಮುದ್ರಣವನ್ನು ಮುಂದಕ್ಕೆ ಕಳಿಸಬೇಕು. ಪ್ರತಿ ಕಡತದ ಹೆಸರಿನಲ್ಲೇ ಹಾಡು, ವಾದ್ಯ, ನುಡಿಸಿದವರು, ಊರು, ದಿನಾಂಕ, ಶ್ರುತಿ, ಲಯದ ಸಂಖ್ಯೆ ಇಷ್ಟನ್ನೂ ಸೇರಿಸಿಡುವುದು ಸ್ಟುಡಿಯೋಗಳಲ್ಲಿ ಒಳ್ಳೆಯ ರೂಢಿ ಎನ್ನಿಸಿಕೊಂಡಿದೆ. ಬೆರೆಸುವವರಿಗೆ ಪದರ ಹುಡುಕಲು ಅದು ನೆರವಾಗುತ್ತದೆ, ಹಾಡು ಹೊರಬರುವಾಗ ಹೆಸರುಗಳ ಪಟ್ಟಿಯೂ ಅದರಿಂದಲೇ ಸಿದ್ಧವಾಗುತ್ತದೆ.